ಎಸಿ ಸರಿ ಆಯ್ತು, ಬಿಲ್ ಯಾವಾಗ ಸರಿ ಆಗುದು?

ಮಾನ್ಯ ಸಂಪಾದಕರೇ,

ನಮಸ್ಕಾರ. ನಾನು ಮಂಗಳೂರಲ್ಲಿ ಎಸಿ ರಿಪೇರಿ, ಸರ್ವಿಸ್ ಕೆಲಸ ಕಂಟ್ರಾಕ್ಟ್ ಮೇಲೆ ಮಾಡುವವ. ಒಂದು ಹಳೇ ಓಮ್ನಿ, ಇಬ್ಬರು ಹುಡುಗರು, ಗ್ಯಾಸ್ ಸಿಲಿಂಡರ್, ವ್ಯಾಕ್ಯೂಮ್ ಪಂಪ್, ಏಣಿ, ನೀರು ಹೊಡೆಯುವ ಮೆಷಿನ್, ನನ್ನ ಕಂಪೆನಿ ಅಂದ್ರೆ ಇಷ್ಟೇ. ಪತ್ರ ಉದ್ದ ಆಗ್ತದೆ, ಜಾಗ ಇಲ್ಲದಿದ್ರೆ ಮೇಲಿನದ್ದು ಎಷ್ಟು ಬೇಕಾದ್ರೂ ಕಟ್ ಮಾಡಿ, ನಮ್ಗೆ ಕಟ್ಟಿಂಗ್ ಎಲ್ಲ ಅಭ್ಯಾಸ ಆಗಿದೆ, ಆದ್ರೆ ಕೆಳಗೆ ಬರೆದ ಕಾನೂನಿನ ವಿಷಯ ಮತ್ತೆ ಬಿಲ್ಡಿಂಗ್ ಮಾಲಕರಿಗೆ ಹೇಳಿದ್ದು ಮಾತ್ರ ಬಿಡ್ಬೇಡಿ.

ಪೇಪರಲ್ಲಿ ಆಗಾಗ ಭಾಷಣದ ಸುದ್ದಿ ಬರ್ತದೆ, ಯುವಕರು ಕೆಲಸ ಹುಡುಕುದು ಬಿಟ್ಟು ಸ್ವಂತ ಉದ್ಯಮ ಮಾಡ್ಬೇಕು ಅಂತ. ಒಳ್ಳೇದೇ. ಮಾಡಿದ ಕೆಲಸದ ದುಡ್ಡು ಕೈಗೆ ಬರುದು ಹೇಗೆ ಅಂತ ಮಾತ್ರ ಆ ಸ್ಟೇಜಲ್ಲಿ ಯಾರೂ ಹೇಳುದಿಲ್ಲ.

ಮೊದ್ಲು ನಮ್ಮ ಕೆಲಸ ಸೀದಾ ಇತ್ತು. ಶೋರೂಮಿನ ಧಣಿಯೇ ಫೋನ್ ಮಾಡ್ತಿದ್ರು, ಹೋಗಿ ನೋಡಿ ಇಷ್ಟಾಗ್ತದೆ ಅಂತ ಹೇಳುದು, ಅವ್ರು ಸ್ವಲ್ಪ ಚರ್ಚೆ ಮಾಡುದು, ಕೆಲಸ ಮುಗಿದ ಮೇಲೆ ಕ್ಯಾಶ್ ಕೌಂಟರಿಂದ ಎಣಿಸಿ ಕೊಡುದು, ಒಂದು ಚಾ ಕೂಡ. ಈಗ ಸ್ವಲ್ಪ ದೊಡ್ಡ ಬಿಲ್ಡಿಂಗ್ ಅಂತ ಆದ್ರೆ ಆಫೀಸು, ಶೋರೂಂ, ಕಾಲೇಜು, ಆಸ್ಪತ್ರೆ ಯಾವುದೇ ಇರ್ಲಿ, ಎಸಿ ಲಿಫ್ಟ್ ಜನರೇಟರ್ ಹೌಸ್‌ಕೀಪಿಂಗ್ ಸೆಕ್ಯುರಿಟಿ ಎಲ್ಲ ಒಟ್ಟಿಗೆ ಒಂದು ಫೆಸಿಲಿಟಿ ಮ್ಯಾನೇಜ್‌ಮೆಂಟ್ ಕಂಪೆನಿಗೆ ಕೊಟ್ಟು ಬಿಡ್ತಾರೆ. ಮಾಲಕರಿಗೆ ಸುಲಭ, ತಿಂಗಳಿಗೆ ಒಂದೇ ಬಿಲ್, ಮಂಡೆಬಿಸಿ ಇಲ್ಲ. ಆ ಕಂಪೆನಿಯ ಆಫೀಸ್ ಬೆಂಗಳೂರಲ್ಲಿ, ಇಲ್ಲಿ ಅವ್ರದ್ದು ಒಬ್ಬ ಸೂಪರ್‌ವೈಸರ್ ಇರ್ತಾನೆ, ಮೆಕ್ಯಾನಿಕ್ ಯಾರೂ ಇಲ್ಲ. ಏಣಿ ಹತ್ತುವ ಕೆಲಸ ನಮ್ಗೆ ಕೊಡ್ತಾರೆ. ಅವತ್ತಿಂದ ನಾವು ವೆಂಡರ್.

ನಾನು ಹೇಳುದು ಅಂಥದ್ದೇ ಒಂದು ಕಂಪೆನಿಯ ಕಥೆ, ಹೆಸರು ಬೇಡ, ಹೆಸರು ಬರೆದು ಒಂದನ್ನು ಬೈದ್ರೆ ಬಾಕಿಯವ್ರೆಲ್ಲ ಒಳ್ಳೆಯವ್ರು ಅಂತ ಆಗ್ತದೆ, ಹಾಗೇನಿಲ್ಲ. ತಲಪಾಡಿಯಿಂದ ಕುಂದಾಪುರದ ತನಕ ಅವ್ರ ಸೈಟುಗಳು ಇದ್ದವು. ಸೇರುವಾಗಲೇ ವೆಂಡರ್ ರಿಜಿಸ್ಟ್ರೇಶನ್ ಫೀಸ್ ಅಂತ ತೆಗೆದ್ಕೊಂಡ್ರು. ಕೆಲಸ ಕೊಡುವವ್ರು ಕೆಲಸ ಮಾಡುವವನ ಹತ್ರ ಫೀಸ್ ತೆಗೆದುಕೊಳ್ಳುದು ಎಂತಕ್ಕೆ ಅಂತ ಕೇಳಿದ್ದಕ್ಕೆ "ಅದು ಪಾಲಿಸಿ ಸರ್" ಅಂದ್ರು. ಆಮೇಲೆ ಅವ್ರ ಆ್ಯಪ್ ಹಾಕ್ಬೇಕು, ಕಂಪ್ಲೇಂಟ್ ಎಲ್ಲ ಅದ್ರಲ್ಲೇ ಬರುದು, ಸೈಟಿಗೆ ಹೋಗಿ ಫೋಟೋ, ಕೆಲಸ ಆದ ಮೇಲೆ ಫೋಟೋ, ಸೈಟಿನವ್ರ ಸೈನ್, ಸೀಲು, ಓಟಿಪಿ, ಎಲ್ಲ ಆದ್ರೆ ಕಾಲ್ ಕ್ಲೋಸ್. ಆ ಆ್ಯಪಿಗೆ ಪ್ರತಿ ಬಿಲ್ಲಲ್ಲಿ ಶೇಕಡಾ 3 ಚಾರ್ಜ್. ಟೈಮಿಗೆ ಕಾಲ್ ಕ್ಲೋಸ್ ಆಗದಿದ್ರೆ ಪೆನಾಲ್ಟಿ. ಕೆಲಸದ ಗ್ಯಾರಂಟಿಗೆ ಅಂತ ಶೇಕಡಾ 5 ಹಿಡಿದಿಡುದು, ಅದನ್ನು ವರ್ಷ ಕಳೆದು ಕೊಡ್ತೇವೆ ಅಂತ ಮಾತು.

ಬಾಯಲ್ಲಿ ಕೇಳುವಾಗ ಎಲ್ಲ ಸಣ್ಣ ಸಣ್ಣದು ಅನ್ನಿಸ್ತದೆ, ಲೆಕ್ಕ ಹಾಕಿದ್ರೆ ಗೊತ್ತಾಗುದು. 10,000 ರೂಪಾಯಿ ಕೆಲಸ ಅಂತ ಇಟ್ಕೊಳ್ಳಿ, ಅದಕ್ಕೆ ಶೇಕಡಾ 18 ಜಿಎಸ್‌ಟಿ ಸೇರಿ ಬಿಲ್ 11,800. ಟಿಡಿಎಸ್, ಅಂದ್ರೆ ನನ್ನ ಲೆಕ್ಕಕ್ಕೆ ಅವ್ರು ಸರ್ಕಾರಕ್ಕೆ ಕಟ್ಬೇಕಾದ ಇನ್ಕಮ್ ಟ್ಯಾಕ್ಸ್, ಅಂತ 236 ಕಟ್, ಆ್ಯಪ್ ಚಾರ್ಜ್ 300 ಕಟ್, ಗ್ಯಾರಂಟಿ ಹಣ 500 ಕಟ್, ಪೆನಾಲ್ಟಿ 500 ಅಂತ ಆದ್ರೆ ಅದೂ ಕಟ್, ಉಳಿದದ್ದು 10,264. ಅದ್ರಲ್ಲಿ 1,800 ಸರ್ಕಾರದ್ದು, ನನ್ನದ್ದು ಅಲ್ಲ. 8,464 ಉಳೀತು. ಇದ್ರಲ್ಲಿ ಗ್ಯಾಸು, ಕಾಪರ್, ಹುಡುಗರ ಸಂಬಳ, ಪೆಟ್ರೋಲು, ಹೆಜಮಾಡಿ ಟೋಲು, ಕುಂದಾಪುರ ಆದ್ರೆ ಸಾಸ್ತಾನ ಟೋಲು, ಎಲ್ಲ ಕಳೀರಿ. ಸುರತ್ಕಲ್ ಟೋಲ್ 2022ರ ಡಿಸೆಂಬರಿಂದ ನಿಂತದ್ದು ಒಂದು ಪುಣ್ಯ, ಜನ ಹಗಲು ರಾತ್ರಿ ಕೂತು ಹೋರಾಟ ಮಾಡಿದ್ದಕ್ಕೆ ನಿಂತದ್ದು ಅದು, ಸುಮ್ನೆ ಅಲ್ಲ.

ಈ ಕಟ್ಟಿಂಗಲ್ಲಿ ಟಿಡಿಎಸ್ ಅನ್ನುದು ಕಾನೂನು, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಕಾನೂನು ಹೇಳಿದಷ್ಟೇ ಕಟ್ ಮಾಡ್ಬೇಕಲ್ಲ. ನನ್ನ ಹಾಗೆ ಒಬ್ಬನೇ ಸ್ವಂತ ಹೆಸರಲ್ಲಿ ಮಾಡುವವನಿಗೆ ಕಂಟ್ರಾಕ್ಟ್ ಕೆಲಸಕ್ಕೆ ಶೇಕಡಾ 1, ಫರ್ಮ್, ಕಂಪೆನಿ ಆದ್ರೆ 2. ಅವ್ರು ಎಲ್ಲರಿಗೂ 2 ಹಾಕಿದ್ರು. ಅದೂ ಜಿಎಸ್‌ಟಿ ಸೇರಿದ ಮೊತ್ತದ ಮೇಲೆ. ಬಿಲ್ಲಲ್ಲಿ ಜಿಎಸ್‌ಟಿ ಬೇರೆ ತೋರಿಸಿದ್ರೆ ಅದನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಟಿಡಿಎಸ್ ಅಂತ 2017ರಲ್ಲೇ ಇನ್ಕಮ್ ಟ್ಯಾಕ್ಸಿನವ್ರು ಸರ್ಕ್ಯುಲರ್ ಹೊರಡಿಸಿದ್ದಾರೆ. ಅಂದ್ರೆ 100 ರೂಪಾಯಿ ಕಟ್ ಆಗ್ಬೇಕಾದಲ್ಲಿ 236. ರಿಟರ್ನ್ ಹಾಕುವಾಗ ವಾಪಸ್ ಬರ್ತದಲ್ಲ ಅಂತ ಅಕೌಂಟ್ಸಿನ ಹುಡುಗ ನನ್ಗೇ ಪಾಠ ಮಾಡಿದ. ಬರ್ತದೆ, ಅವ್ರು ಅದನ್ನು ಸರ್ಕಾರಕ್ಕೆ ಕಟ್ಟಿದ್ರೆ. ನನ್ನ ಪ್ಯಾನ್ ನಂಬರಿನ 26ಎಎಸ್, ಅಂದ್ರೆ ನನ್ನ ಹೆಸರಲ್ಲಿ ಎಷ್ಟು ಟ್ಯಾಕ್ಸ್ ಸರ್ಕಾರಕ್ಕೆ ಮುಟ್ಟಿದೆ ಅಂತ ತೋರಿಸುವ ಪಟ್ಟಿ, ತೆಗೆದು ನೋಡಿದ್ರೆ ಎರಡು ಕ್ವಾರ್ಟರಿನ ಟಿಡಿಎಸ್ ಅದ್ರಲ್ಲಿ ಇಲ್ಲವೇ ಇಲ್ಲ. ನನ್ನ ಬಿಲ್ಲಿಂದ ಕಟ್ ಆಗಿದೆ, ಸರ್ಕಾರಕ್ಕೆ ಹೋಗ್ಲಿಲ್ಲ, ಹಾಗಾದ್ರೆ ಎಲ್ಲಿ ಉಂಟು ಆ ದುಡ್ಡು? ನಮ್ಮ ಟೆಕ್ನಿಷಿಯನ್ ಮಿತ್ರರಿಗೆ ಒಂದು ಮಾತು, ದಯವಿಟ್ಟು ಮೂರು ತಿಂಗಳಿಗೊಮ್ಮೆ 26ಎಎಸ್ ನೋಡಿ, ಮೊಬೈಲಲ್ಲೇ ಬರ್ತದೆ, ವರ್ಷದ ಕೊನೆಗೆ ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ರ ಹೋದಾಗ ಗೊತ್ತಾದ್ರೆ ತಡ ಆಗ್ತದೆ.

ಜಿಎಸ್‌ಟಿದು ಇನ್ನೊಂದು ರಗಳೆ. ಸರ್ವಿಸ್ ಕೆಲಸಕ್ಕೆ ವರ್ಷಕ್ಕೆ 20 ಲಕ್ಷದ ತನಕ ಜಿಎಸ್‌ಟಿ ರಿಜಿಸ್ಟ್ರೇಶನ್ ಬೇಡ. ಕಂಪೆನಿಯವ್ರು ಮಾತ್ರ ಜಿಎಸ್‌ಟಿ ಇಲ್ಲದ ಬಿಲ್ ಬೇಡ ಅಂತಾರೆ, ಹಾಗಾಗಿ ಮಾಡಿಸಿದ್ದು. ಈಗ ನಾನು ಬಿಲ್ ಹಾಕಿದ ಮರು ತಿಂಗಳು 20ನೇ ತಾರೀಕಿಗೆ ಆ 1,800 ಸರ್ಕಾರಕ್ಕೆ ಕಟ್ಟಿ ಆಗ್ಬೇಕು, ನನ್ಗೆ ದುಡ್ಡು ಬಂದಿದೆಯಾ ಇಲ್ವಾ ಅಂತ ಯಾರೂ ಕೇಳುದಿಲ್ಲ, ತಡ ಆದ್ರೆ ಬಡ್ಡಿ. ಕಂಪೆನಿಯವ್ರು ನನ್ನ ಬಿಲ್ ತೋರಿಸಿ ಇನ್‌ಪುಟ್ ಕ್ರೆಡಿಟ್ ಕೂಡ ತೆಗೆದ್ಕೊಂಡು ಆಗಿರ್ತದೆ, ಆ 1,800ನ್ನು ಅವ್ರು ಕಟ್ಟುವ ಟ್ಯಾಕ್ಸಲ್ಲಿ ಕಳೆದು ಆಗಿರ್ತದೆ. ಅಂದ್ರೆ ನನ್ನ ಕಿಸೆಯಿಂದ ಹೋದ ದುಡ್ಡಿನ ಲಾಭ ಅವ್ರಿಗೆ ಮೊದ್ಲು ಸಿಕ್ಕಿತು, ನನ್ನ ದುಡ್ಡು ನನ್ಗೆ ಸಿಗ್ಲಿಲ್ಲ. ಬಿಲ್ ಆಗಿ 180 ದಿನದೊಳಗೆ ನಮ್ಗೆ ಪಾವತಿ ಮಾಡದಿದ್ರೆ ಆ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಕಟ್ಬೇಕು ಅಂತ ಅವ್ರಿಗೆ ನಿಯಮ ಉಂಟು, ಇದನ್ನು ಈಮೇಲಲ್ಲಿ ಒಮ್ಮೆ ಬರೆದು ಕಳಿಸಿದೆ, ಅಷ್ಟು ದಿನ ಫೋನ್ ಎತ್ತದವ್ರು ಅವತ್ತು ಅವ್ರೇ ಫೋನ್ ಮಾಡಿದ್ರು.

ಪೆನಾಲ್ಟಿಯ ವಿಷಯ ಕೇಳಿದ್ರೆ ನಗು ಬರ್ತದೆ. ಶನಿವಾರ ಸಂಜೆ ಕುಂದಾಪುರದ ಕಂಪ್ಲೇಂಟ್ ಆ್ಯಪಲ್ಲಿ ಬೀಳ್ತದೆ, 24 ಗಂಟೆಯಲ್ಲಿ ಮುಗೀಬೇಕು. ಆದಿತ್ಯವಾರ ಹೋದ್ರೆ ಆಫೀಸಿಗೆ ಬೀಗ. ಸೋಮವಾರ ಹೋಗಿ ಮಾಡಿ ಬಂದ್ರೆ ಲೇಟ್, ಪೆನಾಲ್ಟಿ. ಬೀಗದ ಫೋಟೋ ಕಳಿಸಿದೆ, ಸಿಸ್ಟಮಲ್ಲಿ ಆಟೋಮ್ಯಾಟಿಕ್ ಸರ್, ನಮ್ಮ ಕೈಲಿ ಇಲ್ಲ ಅಂದ್ರು. ರೇಟ್ ಚಾರ್ಟ್ ಕೂಡ ಹಾಗೇ, ಬೆಂಗಳೂರಲ್ಲಿ ಕೂತು ಮಾಡಿದ್ದು. ಅಲ್ಲಿ ಔಟ್‌ಡೋರ್ ಯೂನಿಟಿನ ಸ್ಕ್ರೂ ಬಿಚ್ಚಿದ್ರೆ ಬರ್ತದೆ. ಇಲ್ಲಿ ಪಣಂಬೂರು, ಮಲ್ಪೆ ಕಡೆ ಕಡಲಿನ ಉಪ್ಪು ಗಾಳಿಗೆ ಸ್ಕ್ರೂ ತಲೆಯೇ ಉಳಿದಿರುದಿಲ್ಲ, ಕಟ್ಟರ್ ಹಾಕಿ ಕೊಯ್ಯಬೇಕು, ಕಾಯಿಲಿನ ಫಿನ್ಸ್ ಕೈ ತಾಗಿದ್ರೆ ಹುಡಿ ಆಗ್ತದೆ, ಒಂದು ಲೀಕ್ ಮುಚ್ಚಿದ್ರೆ ಪಕ್ಕದಲ್ಲೇ ಇನ್ನೊಂದು. ಬೆಂಗಳೂರಲ್ಲಿ ಒಂದು ಗಂಟೆಯ ಕೆಲಸ ಇಲ್ಲಿ ಅರ್ಧ ದಿನ. ಇದನ್ನು ಹೇಳಿದ್ರೆ ಫೋನಿನ ಆ ಕಡೆ ಇರುವ ಮಗುವಿಗೆ ಅರ್ಥ ಆಗುದಿಲ್ಲ, ಪಾಪ ಅವಳು ಸಮುದ್ರ ನೋಡಿದ್ದು ಟೂರಿಗೆ ಬಂದಾಗ ಇರ್ಬೇಕು.

ಇಷ್ಟೆಲ್ಲ ಕಟ್ ಆಗಿ ಉಳಿದದ್ದಾದ್ರೂ ಬಂತಾ? ಅವ್ರ ಪಿಒದಲ್ಲಿ, ಅಂದ್ರೆ ಕೆಲಸದ ಆರ್ಡರ್ ಕಾಗದದಲ್ಲಿ, ಬರೆದದ್ದು 90 ದಿನ. 90 ದಿನ ಯಾವತ್ತಿಂದ ಅಂತ ಕೇಳಿದ್ರೆ ಬಿಲ್ ನಮ್ಗೆ ಮುಟ್ಟಿದ ದಿನದಿಂದ ಅಂದ್ರು. ಈಮೇಲ್ ಆದ್ರೆ ಮುಟ್ಟಿದ ಲೆಕ್ಕ ಇಲ್ಲ, ಹಾರ್ಡ್ ಕಾಪಿ ಕೊರಿಯರ್ ಮಾಡ್ಬೇಕು. ಕೊರಿಯರ್ ಹೋದ ಮೇಲೆ ಸರ್ವಿಸ್ ರಿಪೋರ್ಟಲ್ಲಿ ಸೀಲು ಮಸುಕಾಗಿದೆ ಅಂತ ವಾಪಸ್. ಸೀಲು ಸರಿ ಹಾಕಿ ಕಳಿಸಿದ್ರೆ ಆ ತಿಂಗಳ ಬಿಲ್ ತಗೊಳ್ಳುದು ಕ್ಲೋಸ್ ಆಗಿದೆ. ಆಮೇಲೆ ಅಕೌಂಟ್ಸ್ ಮೇಡಂ ರಜೆ, ಆಮೇಲೆ ಆಡಿಟ್, ಆಮೇಲೆ ಮಾರ್ಚ್ ಎಂಡಿಂಗ್, ಆಮೇಲೆ "ನಮ್ಗೇ ಕ್ಲೈಂಟಿಂದ ಬಂದಿಲ್ಲ ಸರ್, ಬಂದ ಕೂಡ್ಲೇ ನಿಮ್ದೇ ಫಸ್ಟ್". ಇದ್ರ ನಡುವೆ ಒಂದು ದಿನ ಮೆಸೇಜ್ ಬಂತು, ಶೇಕಡಾ 2 ಡಿಸ್ಕೌಂಟ್ ಬಿಟ್ರೆ ಹತ್ತು ದಿನದಲ್ಲಿ ಪೇಮೆಂಟ್ ಮಾಡ್ತೇವೆ ಅಂತ. ಅಂದ್ರೆ ದುಡ್ಡು ಉಂಟು. ಅವತ್ತು ನನ್ಗೆ ನಿಜವಾಗಿ ಪಿತ್ತ ನೆತ್ತಿಗೇರಿದ್ದು.

ನಮ್ಗೆ ಸೀಸನ್ ಅಂದ್ರೆ ಮಾರ್ಚಿಂದ ಮೇ ತನಕ. ಈ ಸೆಕೆಯಲ್ಲಿ ಬೆಳಿಗ್ಗೆ ಏಳಕ್ಕೆ ಹೊರಟ್ರೆ ರಾತ್ರಿ ಊಟದ ಹೊತ್ತಿಗೆ ಮನೆ. ವರ್ಷದ ದುಡಿಮೆಯ ದೊಡ್ಡ ಪಾಲು ಆ ಮೂರು ತಿಂಗಳಲ್ಲಿ. ಜೂನಲ್ಲಿ ಮಳೆ ಹಿಡಿದ ಮೇಲೆ ಎಸಿ ಯಾರು ಹಾಕ್ತಾರೆ? ಏಪ್ರಿಲಿನ ಬಿಲ್ಲು ಚೌತಿ ಕಳೆದ ಮೇಲೆ ಬಂದ್ರೆ ಮಳೆಗಾಲ ಪೂರ ಹುಡುಗರಿಗೆ ಶನಿವಾರದ ಸಂಬಳ ಎಲ್ಲಿಂದ ಕೊಡುದು, ಜೂನಲ್ಲೇ ಮಕ್ಕಳ ಶಾಲೆ ಫೀಸು. ಸ್ಪೇರ್ ಪಾರ್ಟ್ಸ್ ಅಂಗಡಿಯವ್ರು ಒಂದು ತಿಂಗಳು ಸಾಲ ಕೊಡ್ತಾರೆ, ಅವ್ರೂ ಎಷ್ಟು ಅಂತ ತಡೀತಾರೆ. ನನ್ನ ಪಿಗ್ಮಿ ಕಲೆಕ್ಟರ್ ದಿನಾ ಸಂಜೆ ಬರ್ತಾರೆ, ಅವ್ರಿಗೆ 90 ದಿನದ ಪಾಲಿಸಿ ಇಲ್ಲ. ಪಿಗ್ಮಿ ಶುರುವಾದದ್ದೇ ನಮ್ಮ ಉಡುಪಿ ಕಡೆ, ಸಿಂಡಿಕೇಟ್ ಬ್ಯಾಂಕಿನವ್ರು 1928ರಲ್ಲಿ ಮಾಡಿದ್ದು, ದಿನಕ್ಕೆ ಎರಡಾಣೆ ಉಳಿಸುವವನ ಮನೆ ಬಾಗಿಲಿಗೂ ಹೋಗಿ ತಂದು ಲೆಕ್ಕ ಬರೆದಿಟ್ಟವ್ರು. ಐದು ಬ್ಯಾಂಕ್ ಹುಟ್ಟಿದ ಅವಿಭಜಿತ ಜಿಲ್ಲೆ ಅಂತ ನಾವು ಹೆಮ್ಮೆಯಿಂದ ಹೇಳ್ತೇವೆ. ಅಂಥ ಊರಲ್ಲಿ ಮಾಡಿದ ಕೆಲಸದ ದುಡ್ಡಿಗೆ "ಎಲ್ಲೆ ಬಲೆ" (ತುಳುವಲ್ಲಿ ನಾಳೆ ಬನ್ನಿ) ಅಂತ ಹೇಳಿಸಿಕೊಂಡು ನಡೀಬೇಕು.

ಎಸಿ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಿಂದ. ಅದ್ರ ನಂತ್ರ ಸಿಕ್ಕಿದವ್ರೆಲ್ಲ ಇನ್ನು ನಿಮ್ಗೆ ಹಬ್ಬ ಅಲ್ವಾ ಅಂತಾರೆ. ಎಸಿ ಮಾರುವವ್ರಿಗೆ ಇರ್ಬಹುದು ಮಾರಾಯ್ರೆ.

ಒಂದು ವಿಷಯ ನಾನು ಗಮನಿಸಿದ್ದು ಹೇಳ್ಬೇಕು. ಮನೆಯವ್ರು ಬಾಕಿ ಇಡುದು ಬಹಳ ಕಡಿಮೆ. ಬೋಳಾರದಲ್ಲಿ, ಕುದ್ರೋಳಿಯಲ್ಲಿ ಸಣ್ಣ ಸಣ್ಣ ಮನೆ, ಒಂದೇ ಒಂದು ಎಸಿ ಇರುದು, ಅದೂ ವಯಸ್ಸಾದವ್ರಿಗೆ ಅಂತ ಹಾಕಿಸಿದ್ದು, ಅಲ್ಲಿ ನಾನು ಏಣಿ ಮಡಚುವ ಮೊದ್ಲೇ ಅಮ್ಮ ಬಂದು ಎಷ್ಟಾಯ್ತು ಮಗ ಅಂತ ಕೇಳ್ತಾರೆ. ಗೂಗಲ್ ಪೇ ಬಾರದಿದ್ರೆ ಪಕ್ಕದ ಮನೆಯ ಹುಡುಗನನ್ನು ಕರೆಸಿ ಮಾಡಿಸ್ತಾರೆ. ಗಾಜಿನ ಬಿಲ್ಡಿಂಗ್, ರಿಸೆಪ್ಷನಲ್ಲಿ ಸೋಫಾ, ಹೂವಿನ ಚಟ್ಟಿ ಇರುವಲ್ಲೇ ನಮ್ಮ ದುಡ್ಡು ಸಿಕ್ಕಿ ಹಾಕಿಕೊಳ್ಳುದು. ಹಾಗಾದ್ರೆ ಮನೆ ಕೆಲಸ ಮಾತ್ರ ಮಾಡಿ ಅಂತ ನೀವು ಹೇಳ್ಬಹುದು. ಮನೆ ಕೆಲಸದಿಂದ ಇಬ್ಬರು ಹುಡುಗರನ್ನು ಹನ್ನೆರಡು ತಿಂಗಳು ಸಾಕ್ಲಿಕ್ಕೆ ಆಗುದಿಲ್ಲ, ಹನ್ನೆರಡು ತಿಂಗಳೂ ಎಸಿ ಓಡುದು ಆ ಬಿಲ್ಡಿಂಗುಗಳಲ್ಲೇ.

ಈಗ ಕಾನೂನು. ಇದು ನನ್ಗೆ ಮೊದ್ಲು ಗೊತ್ತಿರ್ಲಿಲ್ಲ, ಒಬ್ಬರು ಟ್ಯಾಕ್ಸ್ ಕನ್ಸಲ್ಟೆಂಟ್ ಹೇಳಿಕೊಟ್ಟದ್ದು, ಆಮೇಲೆ ನಾನೇ ಓದಿದೆ. ಸಣ್ಣ ಉದ್ಯಮದವ್ರಿಗೆ ಅಂತ 2006ರ ಎಂಎಸ್ಎಂಇಡಿ ಕಾಯ್ದೆ ಉಂಟು. ಉದ್ಯಮ್ ರಿಜಿಸ್ಟ್ರೇಶನ್, ಅಂದ್ರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ, ಇದ್ದವನು ಕೆಲಸ ಮಾಡಿ ಕೊಟ್ರೆ, ಪೇಮೆಂಟ್ ತಾರೀಕು ಬರೆದು ಮಾಡಿಕೊಂಡದ್ದು ಇಲ್ಲದಿದ್ರೆ 15 ದಿನದಲ್ಲಿ ಕೊಡ್ಬೇಕು, ಬರೆದುಕೊಂಡದ್ದು ಇದ್ರೂ 45 ದಿನ ಮೀರ್ಲಿಕ್ಕಿಲ್ಲ. ಪಿಒದಲ್ಲಿ 90 ಅಂತ ಬರೆದು ನಾನು ಸೈನ್ ಹಾಕಿದ್ರೂ ಅದು ನಡೆಯುದಿಲ್ಲ. ತಡ ಮಾಡಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿ. ಬ್ಯಾಂಕ್ ರೇಟ್ ಐದೂವರೆ ಇದ್ರೆ ಬಡ್ಡಿ ಹದಿನಾರೂವರೆ ಆಯ್ತು, ಲೆಕ್ಕ ಮಾಡಿ.

ಇದಕ್ಕಿಂತ ನನ್ಗೆ ಇಷ್ಟ ಆದದ್ದು ಇನ್ನೊಂದು. ಕೆಲಸ ಸರಿ ಇಲ್ಲ ಅಂತ ತಕರಾರಿದ್ರೆ ಕೆಲಸ ಮುಗಿದ 15 ದಿನದೊಳಗೆ ಬರವಣಿಗೆಯಲ್ಲಿ ಹೇಳ್ಬೇಕು. ಹೇಳದಿದ್ರೆ ಒಪ್ಪಿಕೊಂಡ ಹಾಗೆ. ನಾವು ದುಡ್ಡು ಕೇಳುವ ತನಕ ಎಸಿ ತಂಪಾಗಿಯೇ ಇರ್ತದೆ, ಕೇಳಿದ ದಿನ ಅದ್ರ ಕೂಲಿಂಗ್ ಕಡಿಮೆ ಆಗ್ತದೆ, ಇದು ಈ ಲೈನಲ್ಲಿ ಇರುವ ಎಲ್ಲರಿಗೂ ಗೊತ್ತಿರುವ ರೋಗ. ಅದಕ್ಕೆ ಮದ್ದು ಕಾನೂನಲ್ಲೇ ಬರೆದಿಟ್ಟಿದ್ದಾರೆ, ನಮ್ಗೆ ಗೊತ್ತಿಲ್ಲ ಅಷ್ಟೇ.

ಕೊಡದಿದ್ರೆ ಎಂಎಸ್ಎಂಇ ಫೆಸಿಲಿಟೇಶನ್ ಕೌನ್ಸಿಲ್ ಅಂತ ಉಂಟು, ಅಲ್ಲಿ ದೂರು ಕೊಡ್ಬಹುದು, ಆನ್‌ಲೈನಲ್ಲಿ ದೂರು ಹಾಕುವ ವ್ಯವಸ್ಥೆ 2017ರಿಂದ ಉಂಟು. ಮೊದ್ಲು ರಾಜಿ ಮಾಡಿಸ್ಲಿಕ್ಕೆ ನೋಡ್ತಾರೆ, ಆಗದಿದ್ರೆ ತೀರ್ಮಾನ. 90 ದಿನದಲ್ಲಿ ಮುಗಿಸ್ಬೇಕು ಅಂತ ಕಾಯ್ದೆಯಲ್ಲೇ ಉಂಟು. ತೀರ್ಪಿನ ಮೇಲೆ ಕಂಪೆನಿಯವ್ರು ಕೋರ್ಟಿಗೆ ಹೋಗುದಾದ್ರೆ ಮೊತ್ತದ ಶೇಕಡಾ 75 ಮೊದ್ಲು ಕಟ್ಬೇಕು, ಹಾಗಾಗಿ ಸುಮ್ನೆ ಎಳೀಲಿಕ್ಕೆ ಸುಲಭ ಇಲ್ಲ. ಉದ್ಯಮ್ ರಿಜಿಸ್ಟ್ರೇಶನ್ ಪೂರ್ತಿ ಫ್ರೀ, 2020ರ ಜುಲೈಯಿಂದ ಇರುವಂಥದ್ದು, ಆಧಾರ್, ಪ್ಯಾನ್ ಸಾಕು, ಸೈಬರಿನವ್ರು ಸಾವಿರಗಟ್ಲೆ ಕೇಳಿದ್ರೆ ಕೊಡ್ಬೇಡಿ. ಆದ್ರೆ ಕೆಲಸ ಹಿಡಿಯುವ ಮೊದ್ಲೇ ಮಾಡಿಸಿರ್ಬೇಕು, ಬಾಕಿ ನಿಂತ ಮೇಲೆ ಓಡಿ ಹೋಗಿ ಮಾಡಿಸಿದ್ರೆ ಹಳೇ ಬಾಕಿಗೆ ಅದು ಹಿಡಿಯುದು ಕಷ್ಟ. ಮತ್ತೆ ಮೂರು ವರ್ಷ ಸುಮ್ನೆ ಕೂತ್ರೆ ಕೋರ್ಟಲ್ಲಿ ಕೇಸ್ ಹಾಕುವ ಹಕ್ಕೇ ಹೋಗ್ತದೆ, ಹಾಗಾಗಿ ಇಷ್ಟು ಬಾಕಿ ಉಂಟು ಅಂತ ಅವ್ರ ಸೈನ್ ಇರುವ ಒಂದು ಕಾಗದ ನಡುನಡುವೆ ತೆಗೆದಿಡಿ.

2023ರ ಬಜೆಟಲ್ಲಿ ಇನ್ನೊಂದು ನಿಯಮ ತಂದ್ರು, ನಮ್ಮಂಥವ್ರಿಗೆ ಈ 15, 45 ದಿನದೊಳಗೆ ಕೊಡದೆ ಬಾಕಿ ಇಟ್ರೆ ಆ ಮೊತ್ತವನ್ನು ಕಂಪೆನಿ ಆ ವರ್ಷದ ಖರ್ಚು ಅಂತ ತೋರಿಸ್ಲಿಕ್ಕೆ ಆಗುದಿಲ್ಲ, ಕೊಟ್ಟ ವರ್ಷ ಮಾತ್ರ ತೋರಿಸ್ಬಹುದು. ಅಂದ್ರೆ ಅವ್ರ ಟ್ಯಾಕ್ಸ್ ಜಾಸ್ತಿ ಆಗ್ತದೆ. ಒಳ್ಳೇ ನಿಯಮ ಅಂತ ನನ್ಗೆ ಖುಷಿ ಆಗಿತ್ತು. ಅದಕ್ಕೆ ನಮ್ಮ ಕಂಪೆನಿಯವ್ರು ಮಾಡಿದ್ದು ಎಂತ ಗೊತ್ತುಂಟಾ, ಬಿಲ್ಲಲ್ಲಿ ಉದ್ಯಮ್ ನಂಬರ್ ಹಾಕ್ಬೇಡಿ, ಹಾಕಿದ್ರೆ ಬಿಲ್ ರಿಜೆಕ್ಟ್ ಆಗ್ತದೆ ಅಂತ ಫೋನ್. ಬರವಣಿಗೆಯಲ್ಲಿ ಕೊಡಿ ಅಂದೆ. ಕೊಡ್ಲಿಲ್ಲ. ನಂಬರ್ ಹಾಕಿಯೇ ಕಳಿಸಿದೆ. ಆ ತಿಂಗಳಿಂದ ನನ್ಗೆ ಕಂಪ್ಲೇಂಟ್ ಬರುದು ಕಡಿಮೆ ಆಯ್ತು, ಆಮೇಲೆ ನಿಂತೇ ಹೋಯ್ತು. ಈಗ ಆ ಸೈಟುಗಳಿಗೆ ಹೋಗುವವ ನನ್ನ ಹತ್ರವೇ ಕೆಲಸ ಕಲಿತ ಹುಡುಗ, ಅವನಿಗೆ ನಾನು ಬೈಯುದಿಲ್ಲ, ಅವನಿಗೂ ಮನೆ ಉಂಟು, ಅವನ ರಿಜಿಸ್ಟ್ರೇಶನ್ ಫೀಸೂ ಅವ್ರು ತೆಗೆದ್ಕೊಂಡು ಆಗಿದೆ.

ಕಾನೂನು ಇದ್ರೂ ಯಾಕೆ ಯಾರೂ ದೂರು ಕೊಡುದಿಲ್ಲ ಅಂತ ಕೇಳುವವ್ರಿಗೆ ಇದೇ ಉತ್ತರ. ದೂರು ಕೊಟ್ರೆ ಹಳೇ ಬಾಕಿ ಬಡ್ಡಿ ಸಮೇತ ಬರ್ಬಹುದು, ನಾಳೆಯ ಕೆಲಸ ಹೋಗ್ತದೆ. ನಾನು ಕೌನ್ಸಿಲಿಗೆ ದೂರು ಹಾಕಿದ್ದು ಕೂಡ ಕೆಲಸ ನಿಂತ ಮೇಲೆ, ಕಳ್ಕೊಳ್ಳಿಕ್ಕೆ ಇನ್ನು ಏನಿಲ್ಲ ಅಂತ ಆದ ಮೇಲೆ. ಅದ್ರ ತೀರ್ಮಾನ ಇನ್ನೂ ಆಗ್ಬೇಕಷ್ಟೆ. ಡೆಲಿವರಿ ಮಾಡುವ ಹುಡುಗರಿಗೆ, ಆ್ಯಪಲ್ಲಿ ಟ್ಯಾಕ್ಸಿ ಓಡಿಸುವವ್ರಿಗೆ ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಕಾನೂನು ಮಾಡಿದೆ, ಒಳ್ಳೇ ಕೆಲಸ, ಅವ್ರಿಗೆ ಸಿಗ್ಲಿ. ನಮ್ಮನ್ನು ನೋಡಿದ್ರೆ ಸರ್ಕಾರಕ್ಕೆ ಉದ್ಯಮಿ ಅಂತ ಕಾಣ್ತದೆ, ಕಂಪೆನಿಗೆ ಕೂಲಿಯವ ಅಂತ ಕಾಣ್ತದೆ, ನಡುವೆ ನಾವು.

ಹಾಗಾಗಿ ನನ್ನ ಕೋರಿಕೆ ಆ ಕಂಪೆನಿಗಳಿಗೆ ಅಲ್ಲ, ಅವ್ರಿಗೆ ಹೇಳಿ ಹೇಳಿ ಬಾಯಿ ಸಾಕಾಗಿದೆ. ಅವ್ರಿಗೆ ಕಂಟ್ರಾಕ್ಟ್ ಕೊಡುವ ನಮ್ಮೂರಿನ ಬಿಲ್ಡಿಂಗ್ ಮಾಲಕರಿಗೆ, ಕಾಲೇಜು, ಆಸ್ಪತ್ರೆ ಟ್ರಸ್ಟಿನವ್ರಿಗೆ, ಅಪಾರ್ಟ್‌ಮೆಂಟ್ ಅಸೋಸಿಯೇಶನಿನವ್ರಿಗೆ. ನಿಮ್ಮ ಬಿಲ್ಡಿಂಗಿನ ಟೆರೇಸಲ್ಲಿ ಬಿಸಿಲಿಗೆ ಕೂತು ಕೆಲಸ ಮಾಡುವವ ಯಾರು ಅಂತ ನಿಮ್ಗೆ ಗೊತ್ತಿರುದಿಲ್ಲ, ನೀವು ಪ್ರತಿ ತಿಂಗಳು ಸರಿಯಾಗಿ ಕಂಪೆನಿಗೆ ಕೊಡ್ತೀರಿ, ಅದು ನಮ್ಗೆ ಮುಟ್ಟಿತು ಅಂತ ನೀವು ನಂಬಿರ್ತೀರಿ. ಒಮ್ಮೆ ಒಂದು ಆಫೀಸಿನ ಮ್ಯಾನೇಜರ್ ನನ್ನ ಹತ್ರ ಹೇಳಿದ್ದು, "ನಾವು ಐದನೇ ತಾರೀಕಿಗೇ ಕೊಟ್ಟಾಗಿದೆಯಲ್ಲ ನಿಮ್ಮವ್ರಿಗೆ". ನಮ್ಗೇ ಕ್ಲೈಂಟಿಂದ ಬಂದಿಲ್ಲ ಅಂತ ಕಂಪೆನಿ ನನ್ಗೆ ಹೇಳಿ ಆಗ ಎರಡು ತಿಂಗಳು ಕಳೆದಿತ್ತು. ಆ ಮ್ಯಾನೇಜರ್ ಕೂಡ್ಲೇ ಅವ್ರಿಗೆ ಫೋನ್ ಹಾಕಿದ್ರು, ಅದೇ ವಾರ ಒಂದು ಬಿಲ್ ಪಾಸಾಯ್ತು. ಇಷ್ಟೇ ಸಾಕು. ನಾನು ಮಾಡಿದ ಎಲ್ಲ ಈಮೇಲಿಗಿಂತ ಅವ್ರ ಒಂದು ಫೋನ್ ಜೋರಿತ್ತು, ಯಾಕಂದ್ರೆ ಕಂಟ್ರಾಕ್ಟ್ ರಿನ್ಯೂ ಮಾಡುವ ಕೈ ಅವ್ರದ್ದು.

ಕೂಲಿ ಕಾರ್ಮಿಕರ ಸಂಬಳ ಕಂಟ್ರಾಕ್ಟರ್ ಕೊಡದಿದ್ರೆ ಮೂಲ ಮಾಲಕನೇ ಕೊಡ್ಬೇಕು ಅಂತ 1970ರ ಕಂಟ್ರಾಕ್ಟ್ ಲೇಬರ್ ಕಾಯ್ದೆಯಲ್ಲೇ ಬಂದಿತ್ತು. ಹೌಸ್‌ಕೀಪಿಂಗಿನವ್ರಿಗೆ ಆ ರಕ್ಷಣೆ ಉಂಟು, ನಮ್ಗೆ ಇಲ್ಲ, ನಾವು ಸ್ವಂತ ಪ್ಯಾನ್, ಸ್ವಂತ ಜಿಎಸ್‌ಟಿ ಇರುವ ವೆಂಡರ್. ಕಾನೂನು ಬರುವ ತನಕ ಕಾಯ್ಬೇಕಂತ ಇಲ್ಲ. ಕಂಪೆನಿ ಜೊತೆ ಅಗ್ರಿಮೆಂಟ್ ಮಾಡುವಾಗ ಎರಡು ಸಾಲು ಸೇರಿಸಿ, ಇಲ್ಲಿ ಕೆಲಸ ಮಾಡಿದ ಲೋಕಲ್ ವೆಂಡರಿಗೆ 45 ದಿನದೊಳಗೆ ಪಾವತಿ ಆಗ್ಬೇಕು, ಯಾವ ಕಟ್ಟಿಂಗ್ ಆದ್ರೂ ಕಾರಣ ಬರೆದು ಅವ್ನಿಗೆ ಕೊಡ್ಬೇಕು ಅಂತ. ವರ್ಷಕ್ಕೊಮ್ಮೆ ರಿನ್ಯೂ ಮಾಡುವ ಮೊದ್ಲು ನಿಮ್ಮ ಬಿಲ್ಡಿಂಗಿಗೆ ಬಂದ ನಮ್ಮಂಥವ್ರು ನಾಲ್ಕು ಜನರಿಗೆ ಫೋನ್ ಮಾಡಿ ಬಾಕಿ ಉಂಟಾ ಕೇಳಿ. ನಂಬರ್ ಸರ್ವಿಸ್ ರಿಪೋರ್ಟಲ್ಲಿ ಇರ್ತದೆ, ನಿಮ್ಮದೇ ಸೀಲ್ ಹಾಕಿದ ಕಾಗದ ಅದು.

ಜಿಲ್ಲಾ ಕೈಗಾರಿಕಾ ಕೇಂದ್ರದವ್ರಿಗೂ ಒಂದು ಮಾತು. ಯೆಯ್ಯಾಡಿಯ ಆಫೀಸಲ್ಲಿ, ಹಾಗೇ ಉಡುಪಿಯ ಆಫೀಸಲ್ಲಿ ತಿಂಗಳಿಗೆ ಒಂದು ದಿನ ಬಾಕಿ ಪಾವತಿಯ ದೂರು ಬರೆದು ಕೊಡ್ಲಿಕ್ಕೆ ಒಬ್ಬರನ್ನು ಕೂರಿಸಿದ್ರೆ ದೊಡ್ಡ ಉಪಕಾರ. ಫಾರ್ಮ್ ತುಂಬಿಸುದು, ಯಾವ ಕಾಗದ ಸ್ಕ್ಯಾನ್ ಮಾಡುದು, ಬಡ್ಡಿ ಹೇಗೆ ಲೆಕ್ಕ ಹಾಕುದು, ಇದೆಲ್ಲ ಐಟಿಐ ಕಲಿತ ನಮ್ಗೆ ಗೊತ್ತಾಗುದಿಲ್ಲ. ಲೋನ್ ಮೇಳಕ್ಕೆ ಶಾಮಿಯಾನ ಹಾಕ್ತಾರೆ, ಬಾಕಿ ವಸೂಲಿಗೆ ಒಂದು ಮೇಜು ಹಾಕ್ಲಿ. ಬಾಕಿ ಸರಿಯಾಗಿ ಬಂದ್ರೆ ನಮ್ಮಲ್ಲಿ ಅರ್ಧ ಜನರಿಗೆ ಆ ಲೋನೇ ಬೇಡ.

ಈ ಪತ್ರ ಓದಿ ಯಾರಾದ್ರೂ ಮಾಲಕರು ಅಂಥ ಎರಡು ಸಾಲು ಅಗ್ರಿಮೆಂಟಿಗೆ ಸೇರಿಸಿದ್ರೆ ನಿಮ್ಮ ಪತ್ರಿಕೆಗೆ ಒಂದು ಕಾಗದ ಬರೀರಿ ಅಂತ ಕೇಳಿಕೊಳ್ತೇನೆ, ಯಾವ ಬಿಲ್ಡಿಂಗ್ ಅಂತ ಗೊತ್ತಾದ್ರೆ ಮುಂದಿನ ಸೀಸನಿಗೆ ಮೊದ್ಲು ಅಲ್ಲಿಗೇ ಕೊಟೇಶನ್ ತಗೊಂಡು ಹೋಗ್ತೇನೆ. ನನ್ನ ಹೆಸರು ಮಾತ್ರ ದಯವಿಟ್ಟು ಹಾಕ್ಬೇಡಿ, ಇನ್ನೊಂದು ಕಂಪೆನಿಯಲ್ಲಿ ಒಂದು ಬಿಲ್ ಪಾಸಾಗ್ಲಿಕ್ಕೆ ಉಂಟು.

ಇತಿ,
ಒಬ್ಬ ಎಸಿ ಕಂಟ್ರಾಕ್ಟರ್
ಕೊಟ್ಟಾರ, ಮಂಗಳೂರು